ಕಾರವಾರದ ಬೆಲ್ ಸಾಹೇಬರು

ಜಯಪುರದ ನಮ್ಮ ಮನೆಯಂಗಳದ ಕಣಗಿಲೆ ಗಿಡದಲ್ಲಿ ಆಗಾಗ ಬೆರಳುದ್ದದ ಹಸಿರು ಹುಳು ಕಾಣಿಸುತ್ತಿತ್ತು. ಹಿಂಭಾಗದಲ್ಲೊಂದು ಕೊಂಬು, ತಲೆಯ ಹಿಂದೆ ಎರಡು ನೀಲಿ ಕಣ್ಣು. ಹೈಸ್ಕೂಲಿಗೆ ಹೊರಟವರು ಕಡ್ಡಿಯಲ್ಲಿ ಕೆಡವಿಯೇ ಹೋಗುತ್ತಿದ್ದೆವು. ಅವು ಕಣ್ಣಲ್ಲ, ಬರೀ ಬಣ್ಣದ ಗುರುತು ಎಂದು ನನಗೆ ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಮೊಬೈಲಿನಲ್ಲಿ ತೆಗೆದ ಫೋಟೋ ಹಿಡಿದು ಹುಳುವಿನ ಹೆಸರು ಹುಡುಕುತ್ತ ಹೋದಾಗ ಸಿಕ್ಕವರು ಟಿ.ಆರ್. ಬೆಲ್.

ಥಾಮಸ್ ರೀಡ್ ಡೇವಿಸ್ ಬೆಲ್ 1863ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. ಮುಂಬಯಿ ಪ್ರಾಂತ್ಯದ ಅರಣ್ಯ ಇಲಾಖೆ ಸೇರಿ ಧಾರವಾಡಕ್ಕೆ ಬಂದರು. ಉತ್ತರ ಕನ್ನಡವೂ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಡೇವಿಡ್ಸನ್ ಮತ್ತು ಸುಂಕದ ಇಲಾಖೆಯ ಏಟ್ಕನ್ ಜೊತೆಯಾದರು. ಮೂವರಿಗೂ ಒಂದೇ ಹುಚ್ಚು. ಬಲೆ ಬೀಸಿ ಚಿಟ್ಟೆ ಹಿಡಿದು ಸೂಜಿ ಚುಚ್ಚಿ ಇಡುವವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಇವರು ಹುಳುಗಳನ್ನೇ ತಂದು, ಅವು ತಿನ್ನುವ ಸೊಪ್ಪು ಹಾಕಿ ಸಾಕಿದರು. ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಮೂವರೂ ಸೇರಿ ಬರೆದದ್ದು 1896ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಸತ್ತ ಚಿಟ್ಟೆಯ ರೆಕ್ಕೆಯ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ. ಸತ್ತ ಹುಳುವಿನ ಬಣ್ಣ ಹಾಗಲ್ಲ, ಬೇಗ ಮಾಸಿಹೋಗುತ್ತದೆ. ಬದುಕಿರುವಾಗಲೂ ಒಂದೇ ರೂಪದಲ್ಲಿರುವುದಿಲ್ಲ. ನಮ್ಮ ಕಣಗಿಲೆ ಹುಳುವೇ ಕೋಶ ಕಟ್ಟುವ ಮುಂಚೆ ಕಂದುಬಣ್ಣಕ್ಕೆ ತಿರುಗಿ ನೆಲಕ್ಕಿಳಿಯುತ್ತದೆ. ಅಂದಂದಿನದನ್ನು ಅಂದಂದೇ ನೋಡಿ ಬರೆಯಬೇಕು. ಬೆಲ್ ಬರೆದರು. ತಲೆಯ ಆಕಾರ, ಕೊಂಬಿನ ಬಾಗು, ಮೈಯ ಪಟ್ಟಿಗಳ ಬಣ್ಣ, ಎಲೆಯ ಮೇಲೆ ಕೂರುವ ರೀತಿ, ತಿನ್ನುವ ಗಿಡ ಯಾವುದು ಎಂಬುದೂ ಸಹ. ಓದಿಕೊಂಡೇ ಚಿತ್ರ ಬರೆಯಬಹುದು. (ನಮ್ಮ ಸಾಫ್ಟ್‌ವೇರಿನವರು ಬರೆಯುವ ದಾಖಲೆಗಳಲ್ಲಿ ಈ ಶಿಸ್ತು ಇಲ್ಲ ಬಿಡಿ.)

ನಿವೃತ್ತರಾದ ಮೇಲೂ ಅವರು ಕಾರವಾರ ಬಿಡಲಿಲ್ಲ. ನಮ್ಮ ಹುಳುವಿನ ಕುಲವಾದ ಹಾಕ್ ಮಾತ್ ಪತಂಗಗಳ ಬಗ್ಗೆ ಮೇಜರ್ ಸ್ಕಾಟ್ ಜೊತೆ ಬರೆದ ದೊಡ್ಡ ಸಂಪುಟ 1937ರಲ್ಲಿ ಹೊರಬಂದಾಗ ಬೆಲ್ ಅವರಿಗೆ ಎಪ್ಪತ್ತು ದಾಟಿತ್ತು. 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು.

ವರ್ಕ್ ಫ್ರಂ ಹೋಮ್ ಇದ್ದಾಗ ನಾನೂ ಒಂದು ಹುಳುವನ್ನು ಡಬ್ಬಿಯಲ್ಲಿಟ್ಟು ಕಣಗಿಲೆ ಸೊಪ್ಪು ಹಾಕಿದೆ. ಇದೆಂಥ ಕೆಲಸ ಎಂದು ಅಮ್ಮ ಗೊಣಗಿದರು. ಕೋಶ ಕಟ್ಟಿ ಎರಡು ವಾರ ಕಳೆದ ಮೇಲೆ, ಒಂದು ಸಂಜೆ, ಹಸಿರು ರೆಕ್ಕೆಯಲ್ಲಿ ನಸುಗೆಂಪು ಗೆರೆಯಿದ್ದ ಪತಂಗ ಹೊರಬಂತು. ಕತ್ತಲಾಗುವವರೆಗೂ ಜಗಲಿಯ ಗೋಡೆಯ ಮೇಲಿತ್ತು. ಆಮೇಲೆ ನೋಡಲು ಕರೆದದ್ದು ಅಮ್ಮನೇ. ನಾನು ಬರುವಷ್ಟರಲ್ಲಿ ಹಾರಿಹೋಗಿತ್ತು.