ಮೂರು ದಿನಗಳ ಗಡುವು

ಮೌರ್ಯ ಅರಸರಲ್ಲಿ ಮೂರನೆಯವನು ಅಶೋಕ. ಅವನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಾಟಲಿಪುತ್ರದಲ್ಲಿ ಅವನಿಗೆ ಪಟ್ಟಾಭಿಷೇಕವಾಯಿತು. ಅವನ ತಾರುಣ್ಯದ ಸಂಗತಿಗಳು ನಮಗೆ ತಲುಪಿರುವುದು ಕಥೆಗಳ ರೂಪದಲ್ಲಿ. ಪಟ್ಟಕ್ಕಾಗಿ ಅವನು ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದನೆಂದು ಸಿಂಹಳದ ಬೌದ್ಧ ಗ್ರಂಥಗಳು ಹೇಳುತ್ತವೆ. ಸಂಸ್ಕೃತದ ಅಶೋಕಾವದಾನವು ಅವನನ್ನು ಚಂಡಾಶೋಕನೆಂದು ಕರೆದು, ಹೊರಗೆ ಚೆಲುವಾಗಿ ಒಳಗೆ ನರಕವೇ ಆಗಿದ್ದ ಸೆರೆಮನೆಯೊಂದನ್ನು ಕಟ್ಟಿಸಿದನೆಂದು ವರ್ಣಿಸುತ್ತದೆ. ಇವನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಪಟ್ಟವಾಗಿ ಎಷ್ಟೋ ವರ್ಷಗಳಾದ ಮೇಲೆ ಕೊರೆಸಿದ ಶಾಸನವೊಂದರಲ್ಲಿ ಅಶೋಕನೇ ತನ್ನ ಸೋದರ ಸೋದರಿಯರ ಮನೆಗಳನ್ನು ಪ್ರಸ್ತಾಪಿಸಿದ್ದಾನೆ. ಮುಂದಿನ ಒಳ್ಳೆಯತನ ಎದ್ದು ಕಾಣಲೆಂದು ಹಿಂದಿನ ಬದುಕಿಗೆ ಮಸಿ ಬಳಿಯುವುದು ಕಥೆಗಾರರ ಹಳೆಯ ಅಭ್ಯಾಸ.

ಆದರೆ ಕಳಿಂಗ ಯುದ್ಧವು ಕಥೆಯಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದಿದ್ದಾಗ ಅಶೋಕನು ಆ ನಾಡನ್ನು ಗೆದ್ದನು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಒಂದು ಲಕ್ಷ ಜನ ಹತರಾದರು. ಅದರ ಎಷ್ಟೋ ಪಟ್ಟು ಜನ ಅನಂತರ ಮಡಿದರು. ಈ ಲೆಕ್ಕವನ್ನು ಕೊಟ್ಟವರು ಸೋತವರಲ್ಲ; ಗೆದ್ದವನೇ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಕೊಟ್ಟಿದ್ದಾನೆ. ಅರಸರು ಕೊಂದವರ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿಗೇರಿಸಿರುವುದನ್ನು ನಮ್ಮ ನಾಡಿನ ಶಾಸನಗಳಲ್ಲಿಯೂ ಕಾಣುತ್ತೇವೆ. ಇಲ್ಲಿ ಮಾತ್ರ ಆ ಲೆಕ್ಕದ ಹಿಂದೆ ಸಂಕಟವಿದೆ.

ಅದೇ ಶಾಸನದಲ್ಲಿ ಅಶೋಕನು ತನಗೆ ಅಪಕಾರ ಮಾಡಿದವನನ್ನೂ ಕ್ಷಮಿಸಲು ಸಾಧ್ಯವಿರುವಷ್ಟು ಮಟ್ಟಿಗೆ ಕ್ಷಮಿಸಬೇಕೆಂದು ತಿಳಿಸುತ್ತಾನೆ. ಅಲ್ಲಿರುವ ಪ್ರಾಕೃತ ಪದವೂ ನಾವು ದಿನವೂ ಬಳಸುವ ಕ್ಷಮೆ ಎಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ತಾಳಿಕೊಳ್ಳುವುದು ಎಂಬುದು ಆ ಧಾತುವಿನ ಅರ್ಥ. ಎಲ್ಲವನ್ನೂ ಹೊತ್ತು ತಾಳುವ ಭೂಮಿಗೆ ಕ್ಷಮಾ ಎಂಬ ಹೆಸರು ಬಂದುದೂ ಇದರಿಂದಲೇ. ಆದರೆ ಅರಸನ ತಾಳ್ಮೆಗೆ ಒಂದು ಎಲ್ಲೆಯಿತ್ತು. ತನ್ನ ರಾಜ್ಯದ ಅರಣ್ಯವಾಸಿಗಳನ್ನು ಅವನು ಸಮಾಧಾನದಿಂದ ಒಲಿಸಿಕೊಳ್ಳಲು ಬಯಸಿದನು. ಜೊತೆಯಲ್ಲಿಯೇ, ಪಶ್ಚಾತ್ತಾಪಪಟ್ಟಿದ್ದರೂ ತನಗೆ ದಂಡಿಸುವ ಶಕ್ತಿ ಇನ್ನೂ ಇದೆಯೆಂದು ಎಚ್ಚರಿಸಿದನು.

ಇನ್ನೊಂದು ಸಂಗತಿಯನ್ನು ಪಾಠಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಹದಿಮೂರನೆಯ ಶಾಸನವು ವಾಯವ್ಯದ ಶಹಬಾಜ್‌ಗಢಿಯಲ್ಲಿದೆ, ಪಶ್ಚಿಮದ ಗಿರ್ನಾರಿನಲ್ಲಿದೆ. ಕಳಿಂಗದ ಧೌಳಿ ಮತ್ತು ಜೌಗಡದ ಬಂಡೆಗಳ ಮೇಲೆ ಇಲ್ಲ. ಯಾರಿಗೆ ನೋವಾಗಿತ್ತೋ ಅವರ ನೆಲದಲ್ಲಿ ಅರಸನ ಪಶ್ಚಾತ್ತಾಪವನ್ನು ಬರೆಸಲಿಲ್ಲ. ಅದನ್ನು ಓದಿ ಕಳಿಂಗದ ಜನ ಮತ್ತೆ ಕೆರಳಿಯಾರೆಂಬ ರಾಜನೀತಿಯ ಎಚ್ಚರಿಕೆ ಇದರಲ್ಲಿ ಇದ್ದಿರಬೇಕು. ಅದರ ಬದಲಾಗಿ ಅಲ್ಲಿರುವುದು ನಗರದ ನ್ಯಾಯಾಧಿಕಾರಿಗಳಿಗೆ ಕೊಟ್ಟ ಕಟ್ಟಪ್ಪಣೆ: ಕಾರಣವಿಲ್ಲದೆ ಯಾರೂ ಸೆರೆಯನ್ನಾಗಲಿ ಹಿಂಸೆಯನ್ನಾಗಲಿ ಅನುಭವಿಸಬಾರದು, ಅಸೂಯೆ, ಮುಂಗೋಪ, ಕ್ರೌರ್ಯ, ಆತುರ, ಸೋಮಾರಿತನ, ಬೇಸರ ಇವುಗಳಿಗೆ ಒಳಗಾದ ಅಧಿಕಾರಿ ಸರಿಯಾದ ತೀರ್ಪು ಕೊಡಲಾರನು. ಆತುರ ಮತ್ತು ಬೇಸರಗಳನ್ನು ಕ್ರೌರ್ಯದ ಸಾಲಿನಲ್ಲಿಯೇ ಇರಿಸಿರುವುದನ್ನು ಗಮನಿಸಬೇಕು. ಕಚೇರಿಯ ಬಾಗಿಲಲ್ಲಿ ಕಾದು ನಿಂತವರಿಗೆ ಅದರ ಅರ್ಥ ಚೆನ್ನಾಗಿ ಆಗುತ್ತದೆ.

ಈ ಅಪ್ಪಣೆಯ ಮತ್ತೊಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ದೊರೆತಿದೆ. ಅಲ್ಲಿನ ದೇವಾಲಯವೊಂದರಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಚಪ್ಪಡಿಯ ಎರಡು ಮೈಗಳ ಮೇಲೂ ಅಶೋಕನ ಅಕ್ಷರಗಳಿರುವುದು 1980ರ ದಶಕದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದಿತು.

ಪಟ್ಟವಾಗಿ ಹದಿಮೂರು ವರ್ಷಗಳಾದಾಗ ಅಶೋಕನು ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿದನು. ಅವರ ಕರ್ತವ್ಯಗಳಲ್ಲಿ ಸೆರೆಯಾಳುಗಳ ಯೋಗಕ್ಷೇಮವೂ ಒಂದು. ಸೆರೆಯಲ್ಲಿರುವವನಿಗೆ ಸಾಕಬೇಕಾದ ಮಕ್ಕಳಿದ್ದರೆ, ಅವನು ಮುದುಕನಾಗಿದ್ದರೆ, ಅಂಥವನಿಗೆ ನೆರವು ನೀಡುವುದು, ಬಿಡುಗಡೆಗೆ ಯತ್ನಿಸುವುದು ಅವರ ಕೆಲಸವಾಗಿತ್ತು. ಅರಸನ ಮನಸ್ಸಿನಲ್ಲಿದ್ದ ದಯೆ ಹೀಗೆ ಅಧಿಕಾರಿಯ ಕರ್ತವ್ಯವಾಯಿತು. ಒಬ್ಬ ಅರಸನು ಸಂತೋಷಗೊಂಡು ಒಬ್ಬ ಕೈದಿಯನ್ನು ಬಿಟ್ಟರೆ ಅದು ಆ ಕೈದಿಯ ಅದೃಷ್ಟ. ಕೈದಿಗೆ ಮಕ್ಕಳಿದ್ದಾರೆಯೇ ಎಂದು ವಿಚಾರಿಸಲೇಬೇಕೆಂಬ ನಿಯಮ ಬಂದರೆ ಅದೃಷ್ಟಕ್ಕೆ ಅಲ್ಲಿ ಅಷ್ಟು ಕೆಲಸವಿಲ್ಲ.

ಇಪ್ಪತ್ತಾರು ವರ್ಷಗಳು ತುಂಬಿದಾಗ ಅವನು ಕಂಬಗಳ ಮೇಲೆ ಶಾಸನಗಳನ್ನು ಬರೆಸಿದನು. ಅವುಗಳಲ್ಲಿ ನಾಲ್ಕನೆಯದು ರಜ್ಜುಕರೆಂಬ ಅಧಿಕಾರಿಗಳನ್ನು ಕುರಿತದ್ದು. ರಜ್ಜು ಎಂದರೆ ಹಗ್ಗ. ಮೊದಲಿಗೆ ಅವರು ಭೂಮಿಯನ್ನು ಅಳೆಯುವವರಾಗಿದ್ದಿರಬೇಕು. ಲಕ್ಷಾಂತರ ಪ್ರಜೆಗಳ ಮೇಲೆ ಅವರಿಗೆ ಅಧಿಕಾರವಿತ್ತು. ನುರಿತ ದಾದಿಯ ಕೈಗೆ ಮಗುವನ್ನು ಒಪ್ಪಿಸಿ ನಿಶ್ಚಿಂತನಾಗುವ ತಂದೆಯಂತೆ ಅರಸನು ಪ್ರಜೆಗಳನ್ನು ಅವರಿಗೆ ಒಪ್ಪಿಸಿದನು. ವಿಚಾರಣೆಯಲ್ಲಿಯೂ ಶಿಕ್ಷೆಯಲ್ಲಿಯೂ ಎಲ್ಲರಿಗೂ ಒಂದೇ ಅಳತೆ ಇರಬೇಕೆಂದು ವಿಧಿಸಿದನು. ಬಳಿಕ ಬರುತ್ತದೆ, ನಮ್ಮ ಪಾಠದ ಶೀರ್ಷಿಕೆಯ ಸಂಗತಿ. ಮರಣದಂಡನೆಗೆ ಗುರಿಯಾಗಿ ಸೆರೆಯಲ್ಲಿರುವವರಿಗೆ ಮೂರು ದಿನಗಳ ಗಡುವು. ಆ ಅವಧಿಯಲ್ಲಿ ಅವರ ಬಂಧುಗಳು ಬಂದು ಪ್ರಾಣಭಿಕ್ಷೆಗಾಗಿ ಅಧಿಕಾರಿಗಳಲ್ಲಿ ಬಿನ್ನವಿಸಿಕೊಳ್ಳಬಹುದು. ಬಿನ್ನವಿಸುವವರು ಯಾರೂ ಇಲ್ಲದವನು ದಾನವನ್ನೋ ಉಪವಾಸವನ್ನೋ ಮಾಡಿ ಪರಲೋಕಕ್ಕೆ ಸಿದ್ಧನಾಗಬಹುದು.

ಮೂರು ದಿನಗಳೆಂದರೆ ಎಷ್ಟು? ಮೋಟಾರು, ತಂತಿ, ಅಂಚೆ ಇಲ್ಲದ ಕಾಲ. ಶಿಕ್ಷೆಯ ಸುದ್ದಿ ಊರಿಗೆ ಮುಟ್ಟಬೇಕು. ತಂದೆಯೋ ಅಣ್ಣನೋ ಹೊರಟು ಕಾಲ್ನಡಿಗೆಯಲ್ಲಿ ಬರಬೇಕು. ಅಧಿಕಾರಿಯ ಮುಂದೆ ನಿಲ್ಲಬೇಕು. ದೂರದ ಹಳ್ಳಿಯವನಿಗೆ ಆ ಗಡುವು ಸಾಲುತ್ತಿರಲಿಲ್ಲ. ಆದರೂ ತೀರ್ಪು ಮತ್ತು ಸಾವಿನ ನಡುವೆ ಇನ್ನೊಬ್ಬರ ಮಾತು ಕೇಳಿಸುವಷ್ಟು ಬಿಡುವು ಇರಬೇಕೆಂದು ಒಬ್ಬ ಚಕ್ರವರ್ತಿ ಕಲ್ಲಿನಲ್ಲಿ ಬರೆಸಿದನಲ್ಲ, ಅದು ಸಣ್ಣ ಸಂಗತಿಯಲ್ಲ.

ನಾನು ಉಪಾಧ್ಯಾಯನಾಗಿದ್ದಾಗ ಈ ಭಾಗವನ್ನು ಹೇಳಿದೊಡನೆ ವಿದ್ಯಾರ್ಥಿನಿಯೊಬ್ಬಳು ಎದ್ದು, ಅಷ್ಟು ಮರುಗಿದ ಅರಸನು ಮರಣದಂಡನೆಯನ್ನೇ ಏಕೆ ತೆಗೆದುಹಾಕಲಿಲ್ಲವೆಂದು ಕೇಳಿದಳು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಈಗ ನನಗೆ ಅರಮನೆಯ ಅಡಿಗೆಯ ಸಂಗತಿ ನೆನಪಾಗುತ್ತದೆ. ಮೊದಲು ಅಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಿಗಳ ವಧೆಯಾಗುತ್ತಿತ್ತು. ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ತಪ್ಪದೆ ಅಲ್ಲ. ಮುಂದೆ ಇವೂ ಇರುವುದಿಲ್ಲವೆಂದು ಮೊದಲನೆಯ ಬಂಡೆಶಾಸನ ತಿಳಿಸುತ್ತದೆ. ಎಷ್ಟು ದೂರ ಬಂದಿದ್ದಾನೋ ಅಷ್ಟನ್ನೇ ಹೇಳುವ ಮನುಷ್ಯ ಅವನು. ಕಂಬಗಳ ಐದನೆಯ ಶಾಸನದಲ್ಲಿಯೂ ಅಷ್ಟೆ: ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದುದಾಗಿ ಲೆಕ್ಕ ಕೊಡುತ್ತಾನೆ. ಪಶ್ಚಾತ್ತಾಪಪಟ್ಟವನು ಸಿಂಹಾಸನದಿಂದ ಇಳಿಯಲಿಲ್ಲ. ಇಳಿಯದವನಿಗೆ ದಂಡವನ್ನು ಪೂರ್ತಿಯಾಗಿ ಕೆಳಗಿಡುವ ಧೈರ್ಯ ಬರಲಿಲ್ಲ. ಇದು ನನ್ನ ಊಹೆ.

ಕಲ್ಲು ಹೇಳದ್ದನ್ನು ಕಾವ್ಯ ಹೇಳಿತು. ಅಶೋಕಾವದಾನದಲ್ಲಿ, ಕೋಪಗೊಂಡ ಅರಸನು ಪರಪಂಥದ ಸನ್ಯಾಸಿಗಳ ತಲೆಗೆ ಬೆಲೆ ಕಟ್ಟುತ್ತಾನೆ. ಅವನ ಸ್ವಂತ ತಮ್ಮ ವೀತಶೋಕನು ಭಿಕ್ಷುವಾಗಿ, ಕಾಯಿಲೆಯಿಂದ ಕೃಶನಾಗಿ ಗೋಪಾಲಕನೊಬ್ಬನ ಮನೆಯಲ್ಲಿ ತಂಗಿದ್ದಾಗ, ಆ ಗೋಪಾಲಕನು ತಪ್ಪು ತಿಳಿದು ಅವನ ತಲೆಯನ್ನು ಕತ್ತರಿಸಿ ತರುತ್ತಾನೆ. ಗುರುತು ಹಿಡಿದ ಅಶೋಕನು ಮೂರ್ಛೆಹೋಗುತ್ತಾನೆ. ಇನ್ನು ಮುಂದೆ ಯಾರಿಗೂ ಮರಣದಂಡನೆಯಿಲ್ಲವೆಂದು ಸಾರಿಸುತ್ತಾನೆ. ಅದೇ ಗ್ರಂಥದಲ್ಲಿ ಮಗ ಕುಣಾಲನ ಕಥೆಯೂ ಇದೆ. ಮಲತಾಯಿ ತಿಷ್ಯರಕ್ಷಿತೆಯು ರಾಜಮುದ್ರೆಯನ್ನು ಬಳಸಿ ಅವನ ಕಣ್ಣುಗಳನ್ನು ಕೀಳಿಸುತ್ತಾಳೆ. ಕಣ್ಣು ಕಳೆದುಕೊಂಡವನೇ ಅವಳನ್ನು ಕ್ಷಮಿಸೆಂದು ತಂದೆಯನ್ನು ಬೇಡುತ್ತಾನೆ. ಅವನ ನಿಷ್ಕಲ್ಮಷ ಮನಸ್ಸಿನ ಬಲದಿಂದ ಕಣ್ಣುಗಳು ಮರಳುತ್ತವೆ. ಅಶೋಕನು ಮಾತ್ರ ಕ್ಷಮಿಸುವುದಿಲ್ಲ, ಅವಳನ್ನು ಸುಡಿಸುತ್ತಾನೆ. ತನ್ನ ಶತ್ರುವನ್ನು ಕ್ಷಮಿಸಬಲ್ಲ ಅರಸನಿಗೂ ಮಗನ ಶತ್ರುವನ್ನು ಕ್ಷಮಿಸುವುದು ಸಾಧ್ಯವಾಗಲಿಲ್ಲವೆಂದು ಆ ಕವಿ ಕಂಡಿದ್ದನು.

ಕ್ರಿ.ಪೂ. 232ರ ಸುಮಾರಿಗೆ ಅಶೋಕನು ತೀರಿಕೊಂಡನು. ಕಾಲಕ್ರಮದಲ್ಲಿ ಅವನ ಲಿಪಿಯನ್ನು ಓದಬಲ್ಲವರೇ ಇಲ್ಲವಾದರು. ಹದಿನಾಲ್ಕನೆಯ ಶತಮಾನದಲ್ಲಿ ಸುಲ್ತಾನ್ ಫಿರೋಜ್ ಶಾ ತುಘಲಕನು ಟೋಪ್ರಾದ ಕಂಬವನ್ನು ದೆಹಲಿಗೆ ತರಿಸಿ ನಿಲ್ಲಿಸಿದಾಗ ಅದರ ಮೇಲಿನ ಮೂರು ದಿನಗಳ ಮಾತು ಯಾರಿಗೂ ಅರ್ಥವಾಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಸ್ವತಂತ್ರ ಭಾರತದ ಸಂವಿಧಾನವು ತನ್ನ 72ನೆಯ ಮತ್ತು 161ನೆಯ ವಿಧಿಗಳಲ್ಲಿ ಕ್ಷಮಾದಾನದ ಅಧಿಕಾರವನ್ನು ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕೊಟ್ಟಿದೆ. ಕ್ಷಮಾದಾನದ ಅರ್ಜಿ ತಿರಸ್ಕೃತವಾದ ಸುದ್ದಿ ಕೈದಿಗೆ ತಲುಪಿದ ಮೇಲೆ ಗಲ್ಲಿಗೇರಿಸುವ ಮೊದಲು ಕನಿಷ್ಠ ಹದಿನಾಲ್ಕು ದಿನಗಳ ಅವಧಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಲು, ಬಂಧುಗಳನ್ನು ಕಾಣಲು, ಕಾನೂನಿನ ಮೊರೆಹೋಗಲು ಆ ದಿನಗಳು. ಟೋಪ್ರಾದ ಕಂಬವು ಇಂದಿಗೂ ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತಿದೆ. ಸರ್ವೋಚ್ಚ ನ್ಯಾಯಾಲಯ ಅಲ್ಲಿಂದ ಹೆಚ್ಚು ದೂರದಲ್ಲಿಲ್ಲ.