ಕುದ್ಮುಲ್ ರಂಗರಾವ್ (1859–1928): ಶಾಲೆಯ ಹೊರಗುಳಿದ ಮಕ್ಕಳ ಬಂಧು

ಮಕ್ಕಳನ್ನು ಶಾಲೆಗೆ ಸೇರಿಸಲು ಹಾಗೂ ವಿದ್ಯಾರ್ಥಿ ನಿಲಯಗಳ ಪ್ರವೇಶಕ್ಕೆ ಅರ್ಜಿ ಸಲ್ಲಿಸಬಯಸುವ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ.

ಕುದ್ಮುಲ್ ರಂಗರಾವ್ ಅವರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಅವರ ಬಾಲ್ಯದ ದಿನಗಳಲ್ಲಿಯೇ ಹಿಂದಿನ ಕೆನರಾ ಜಿಲ್ಲೆಯು ಎರಡಾಗಿ, ಹಳಿಯಾಳ ಮತ್ತು ಸೂಪಾ ಸೀಮೆಗಳನ್ನೊಳಗೊಂಡ ಉತ್ತರ ಭಾಗವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಡಳಿತ ಬೇರೆಯಾದರೂ ಶಾಲೆಯ ಬಾಗಿಲು ಎರಡೂ ಕಡೆ ಒಂದೇ ರೀತಿಯಲ್ಲಿ ಮುಚ್ಚಿತ್ತು. ಹಳಿಯಾಳಕ್ಕೆ ಸಮೀಪದ ಧಾರವಾಡದಲ್ಲಿ 1856ರಲ್ಲಿ ಮಹಾರ್ ಜಾತಿಯ ಬಾಲಕನೊಬ್ಬನು ಸರ್ಕಾರಿ ಶಾಲೆಗೆ ಪ್ರವೇಶ ಕೋರಿ ಅರ್ಜಿ ಸಲ್ಲಿಸಿದ್ದನು. ಇತರ ಜಾತಿಗಳವರು ಶಾಲೆಯನ್ನು ತೊರೆದಾರೆಂಬ ಭಯದಿಂದ ಮುಂಬಯಿ ಸರ್ಕಾರವು ಅದನ್ನು ತಿರಸ್ಕರಿಸಿತು. ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರತಕ್ಕದ್ದೆಂದು ಲಂಡನ್ನಿನ ಮೇಲಧಿಕಾರಿಗಳು ಅನಂತರ ತಿಳಿಸಿದರೂ, ಅದು ಬಹುಕಾಲ ಕಾಗದದ ಮೇಲೆಯೇ ಉಳಿಯಿತು.

ತಂದೆಯ ಮರಣಾನಂತರ ಮಂಗಳೂರಿಗೆ ಬಂದ ರಂಗರಾಯರು ಮೊದಲು ಶಿಕ್ಷಕರಾಗಿ, ಬಳಿಕ ವಕೀಲರಾಗಿ ಜೀವನ ಸಾಗಿಸಿದರು. ಬ್ರಹ್ಮಸಮಾಜದ ಪ್ರಭಾವಕ್ಕೊಳಗಾದ ಅವರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಉಚಿತ ಶಾಲೆಯೊಂದನ್ನು ಆರಂಭಿಸಿದರು. ಮೇಲ್ಜಾತಿಗಳ ವಿರೋಧ ತೀವ್ರವಾಗಿತ್ತು. ಶಾಲೆಯನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಸ್ವಜಾತಿಯವರು ರಂಗರಾಯರ ಕುಟುಂಬಕ್ಕೆ ಬಹಿಷ್ಕಾರ ಹಾಕಿದರು. ಆದರೂ ಶಾಲೆಗಳು ಒಂದೊಂದಾಗಿ ಹೆಚ್ಚಿದವು.

ರಂಗರಾಯರ ಹಿರಿಮೆಯು ಶಾಲೆ ತೆರೆದುದರಲ್ಲಿ ಮಾತ್ರವಲ್ಲ, ಮಗುವಿನ ಮನಸ್ಸನ್ನು ಅರಿತುದರಲ್ಲಿಯೂ ಇದೆ. ತಲೆಮಾರುಗಳಿಂದ ದೂರ ನಿಲ್ಲುವಂತೆ ಕಲಿಸಲ್ಪಟ್ಟ ಮಗುವು ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬರುವುದಿಲ್ಲ. ಬಂದರೂ ಅಂಜಿಕೆಯಿಂದ ಮುದುಡಿ ಕುಳಿತೀತು. ಮನೆಯಲ್ಲಿ ಹಸಿವೂ ಇತ್ತು, ಮಗುವಿನ ದುಡಿಮೆಯ ಅಗತ್ಯವೂ ಇತ್ತು. ಆದುದರಿಂದ ಅವರು ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ದಿನಕ್ಕೆ ಎರಡು ಪೈಸೆಯನ್ನೂ ಕೊಡುವ ಏರ್ಪಾಡು ಮಾಡಿದರು. ಎರಡು ಪೈಸೆ ಇಂದು ನಗೆ ತರಿಸಬಹುದು. ಆ ಕಾಲದ ಕೂಲಿಯ ಮನೆಗೆ ಅದು ಅಲ್ಪವಾಗಿರಲಿಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆಯು ಬಿಸಿಯೂಟವನ್ನು ತಂದುದು 2002ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ವಸತಿ ನಿಲಯ, ನೇಯ್ಗೆ ಹಾಗೂ ಮರಗೆಲಸದ ತರಬೇತಿ, ಕುಟುಂಬಗಳಿಗೆ ನಿವೇಶನ ಇವು ಅನಂತರ ಸೇರಿದವು.

ಮಾತಿನಂತೆಯೇ ಅವರ ಮನೆಯೂ ಇತ್ತು. ಮಗಳು ರಾಧಾಬಾಯಿಯವರು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. ತಮ್ಮ ಶಾಲೆಯಲ್ಲಿ ಓದಿದ ಮಗು ಮುಂದೆ ಅಧಿಕಾರಿಯಾಗಿ ಊರ ರಸ್ತೆಯಲ್ಲಿ ವಾಹನದಲ್ಲಿ ಸಾಗಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ರಂಗರಾಯರ ಹಂಬಲವಾಗಿತ್ತು. ಕೊನೆಯ ದಿನಗಳಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ಅವರು 1928ರ ಜನವರಿ 30ರಂದು ನಿಧನರಾದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸಂಸ್ಥೆಯನ್ನು ಸಂದರ್ಶಿಸಿದರು. ನಗರದ ಪುರಭವನಕ್ಕೆ ಇಂದು ಅವರ ಹೆಸರಿದೆ.

ಇಂದು 6ರಿಂದ 14 ವರ್ಷದ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದೈಹಿಕ ಶಿಕ್ಷೆಯಂತೆಯೇ ಮಾನಸಿಕ ಕಿರುಕುಳವೂ ನಿಷಿದ್ಧ. ಕಾಡಂಚಿನ ಊರುಗಳ ಗೌಳಿ ಹಾಗೂ ಸಿದ್ದಿ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಉತ್ತರ ಕನ್ನಡದ ಸಿದ್ದಿ ಸಮುದಾಯವು 2003ರಿಂದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದು, ಅದರ ಮಕ್ಕಳು ಆ ವರ್ಗದ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ.

ಪ್ರವೇಶ ನಿರಾಕರಣೆಯ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಮಗು ಶಾಲೆಯ ಹೆಸರೆತ್ತಿದರೆ ಅಳುವುದು, ಊಟ-ನಿದ್ರೆ ಬಿಡುವುದು, ಮಾತು ನಿಲ್ಲಿಸುವುದು ಕಂಡುಬಂದಲ್ಲಿ ಅದನ್ನು ಹಟವೆಂದು ಗದರದೆ, ಮಕ್ಕಳ ಸಹಾಯವಾಣಿ 1098 ಅಥವಾ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.