ಬೆಂಗಳೂರಿನ ಕಟ್ಟಡಗಳಿಂದ ಲಂಡನ್ ತರಗತಿಗೆ: ಗಾಳಿ-ಬಿಸಿಲಿನ ಪಾಠ ಹೇಳಿದ ಪ್ರೊಫೆಸರ್ ಒಟ್ಟೊ ಕೊನಿಗ್ಸ್‌ಬರ್ಗರ್

ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪಠ್ಯಕ್ರಮದ ಪುಸ್ತಕ ಪಟ್ಟಿಯಲ್ಲಿ ಒಂದು ಜರ್ಮನ್ ಹೆಸರಿದೆ: ಒಟ್ಟೊ ಕೊನಿಗ್ಸ್‌ಬರ್ಗರ್. ಇವರು ಒಂದು ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದ ನೌಕರರಾಗಿದ್ದರು ಎಂಬುದು ಗೊತ್ತೇ?

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಕೊನಿಗ್ಸ್‌ಬರ್ಗರ್ ಅಲ್ಲೇ ಹಾನ್ಸ್ ಪೋಲ್ಸಿಗ್ ಬಳಿ ವಾಸ್ತುಶಿಲ್ಪ ಕಲಿತರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಎಂಬ ಒಂದೇ ಕಾರಣಕ್ಕೆ ಕೆಲಸ ಹೋಯಿತು. ಈಜಿಪ್ಟ್‌ಗೆ ಹೋದವರು ಪ್ರಾಚೀನ ಕಟ್ಟಡಗಳ ಬಾಗಿಲುಗಳ ಬಗ್ಗೆ ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದರು.

ಇವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಆಹ್ವಾನದ ಮೇಲೆ ಬಾರ್ನ್ ಬೆಂಗಳೂರಿಗೆ ಬಂದುಹೋಗಿದ್ದರು. ಅಳಿಯನೂ 1939ರಲ್ಲಿ ಇಲ್ಲಿಗೇ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗ, ಅಲ್ಲಿನ ಹಾಸ್ಟೆಲ್‌ನ ಊಟದ ಸಭಾಂಗಣ ಇವರ ಕೈಯಲ್ಲಿ ರೂಪುಗೊಂಡವು. ಗಾಳಿ ಎತ್ತಲಿಂದ ಬೀಸುತ್ತದೆ, ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂದು ನೋಡಿ ನಕ್ಷೆ ಹಾಕುವ ಅಭ್ಯಾಸ ಗಟ್ಟಿಯಾದದ್ದು ಇಲ್ಲೇ.

ಸ್ವಾತಂತ್ರ್ಯದ ನಂತರ ಭುವನೇಶ್ವರದ ನಗರ ಯೋಜನೆ, ಕೇಂದ್ರ ಸರ್ಕಾರದ ವಸತಿ ನಿರ್ದೇಶಕ ಹುದ್ದೆ. ದೇಶ ವಿಭಜನೆಯ ನಿರಾಶ್ರಿತರಿಗೆ ಸೂರು ಬೇಕಿತ್ತು. ಕಾರ್ಖಾನೆಯಲ್ಲೇ ಗೋಡೆ ತಯಾರಿಸಿ ಬೇಗ ಮನೆ ಕಟ್ಟುವ ಯೋಜನೆ ದೆಹಲಿಯಲ್ಲಿ ಶುರುವಾಯಿತು. ಆದರೆ ಕಾಂಕ್ರೀಟ್ ಹಲಗೆಗಳು ಬಿರುಕು ಬಿಟ್ಟವು, ಟೀಕೆಗಳ ಸುರಿಮಳೆಯಾಯಿತು. 1951ರಲ್ಲಿ ಅವರು ಲಂಡನ್‌ಗೆ ಹೊರಟರು. ಈ ಸೋಲೇ ಅವರನ್ನು ಮೇಷ್ಟ್ರನ್ನಾಗಿ ಮಾಡಿತು ಎಂದರೂ ತಪ್ಪಿಲ್ಲ.

ಬಿಸಿಲು ದೇಶಗಳ ವಿದ್ಯಾರ್ಥಿಗಳು ಯುರೋಪಿನಲ್ಲಿ ಕಲಿತ ವಿದ್ಯೆ ಊರಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂಬ ದೂರು ಆಗ ಜೋರಾಗಿತ್ತು. ಹೀಗಾಗಿ ಲಂಡನ್‌ನ ಆರ್ಕಿಟೆಕ್ಚರಲ್ ಅಸೋಸಿಯೇಷನ್ 1954ರಲ್ಲಿ ಉಷ್ಣವಲಯ ವಾಸ್ತುಶಿಲ್ಪ ವಿಭಾಗ ತೆರೆಯಿತು. 1957ರಿಂದ ಅದರ ಹೊಣೆ ಕೊನಿಗ್ಸ್‌ಬರ್ಗರ್ ಅವರದ್ದು. ಏಷ್ಯಾ, ಆಫ್ರಿಕಾದ ಯುವಕರು ಅಲ್ಲಿ ಕಲಿತು ಮರಳಿದರು. 1971ರಲ್ಲಿ ವಿಭಾಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸ್ಥಳಾಂತರವಾಯಿತು. ಅಲ್ಲಿ ಅವರು ಪ್ರಾಧ್ಯಾಪಕರಾದರು.

ಮೂವರು ಸಹಲೇಖಕರೊಂದಿಗೆ ಬರೆದ 'ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್' 1970ರ ದಶಕದಲ್ಲಿ ಬಂತು. ಅದರ ಲೆಕ್ಕಾಚಾರ ಸರಳ. ಚೆನ್ನೈ, ಮಂಗಳೂರಿನಂಥ ಬೆವರಿಳಿಸುವ ಊರಿಗೆ ಕೋಣೆಗಳು ಸಾಲಾಗಿರಬೇಕು, ಎರಡೂ ಕಡೆ ಕಿಟಕಿ ಬೇಕು, ಗಾಳಿ ಮೈಗೆ ತಾಗಬೇಕು. ರಾಯಚೂರಿನಂಥ ಒಣ ಬಿಸಿಲಿಗೆ ದಪ್ಪ ಗೋಡೆ, ಒಳಗೆ ಅಂಗಳ. ಹಗಲಿನ ಕಾವು ಗೋಡೆ ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ನಮ್ಮ ತೊಟ್ಟಿ ಮನೆಗಳ ಹಳೇ ಮೇಸ್ತ್ರಿಗಳಿಗೆ ಇದು ಹೊಸ ವಿಷಯವೇನಲ್ಲ ಬಿಡಿ. ಅದನ್ನು ಅಂಕಿ, ಕೋನ, ಕೋಷ್ಟಕಗಳಲ್ಲಿ ಅಳೆದು ತರಗತಿಗೆ ತಂದದ್ದು ಈ ಪ್ರೊಫೆಸರ್ ಮತ್ತು ಅವರ ಸಂಗಡಿಗರು.

ಕೊನಿಗ್ಸ್‌ಬರ್ಗರ್ 1999ರ ಜನವರಿ 3ರಂದು ಲಂಡನ್‌ನಲ್ಲಿ ನಿಧನರಾದರು. ಆಗ ಅವರಿಗೆ 90 ವರ್ಷ. ಅವರ ಪುಸ್ತಕದ ಭಾರತೀಯ ಆವೃತ್ತಿ ಹೊರಬಂದದ್ದು ಓರಿಯಂಟ್ ಲಾಂಗ್‌ಮನ್ ಮೂಲಕ, ಮದ್ರಾಸಿನಿಂದ.